ಕೊಡದ ತಳದ ಸುಣ್ಣ

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಬೋರಿನ ನೀರು ಬಳಸುವ ಮನೆಗೆ ಹೋದರೆ ನೀರು ಕಾಯಿಸುವ ಪಾತ್ರೆಯೊಳಗೆ ಒಮ್ಮೆ ಇಣುಕಿ ನೋಡಿ. ತಳದಲ್ಲಿ ಉಗುರಿಗೆ ಸಿಗುವಷ್ಟು ದಪ್ಪದ ಬಿಳಿ ಹೊಪ್ಪಳಿಕೆ ಕೂತಿರುತ್ತದೆ. ಚಾಕುವಿನಿಂದ ಕೆರೆದು ತೆಗೆದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಹಾಜರು. ಆ ಮನೆಯಲ್ಲಿ ಯಾರಿಗಾದರೂ ಬೆನ್ನಿನ ಬದಿಯಿಂದ ತೊಡೆಸಂದಿಯವರೆಗೆ ನೋವು ಹರಿದು, ರಾತ್ರೋರಾತ್ರಿ ಸೂಜಿ ಹಾಕಿಸಿಕೊಂಡು, ಮಾರನೇ ದಿನ ಸ್ಕ್ಯಾನಿಂಗಿನಲ್ಲಿ ಕಿಡ್ನಿಯ 5 ಮಿ.ಮೀ. ಹರಳು ಅಂತ ಬಂತೆನ್ನಿ, ಎಲ್ಲರ ಕಣ್ಣೂ ಹೋಗುವುದು ಆ ಪಾತ್ರೆಯ ಕಡೆಗೇ. “ನೀರಾಗೇ ಕಲ್ಲ ಅವ ರೀ, ಹೊಟ್ಟ್ಯಾಗ ಹೋದ ಮ್ಯಾಲ ಮತ್ತೇನ್ ಆಗ್ತದ?”

ವಾದ ತಳ್ಳಿಹಾಕುವ ಹಾಗೆ ಕಾಣುವುದಿಲ್ಲ. ಕಾಲ ಕೆಳಗಿನ ನೆಲವೇ ಸುಣ್ಣದ ಕಲ್ಲು. ಅದನ್ನೇ ಸೀಳಿ ಫರಸಿ ಮಾಡಿ ಅರ್ಧ ದೇಶದ ಅಂಗಳಕ್ಕೆ ಹಾಸಿದ್ದೇವೆ, ಅದನ್ನೇ ಸುಟ್ಟು ವಾಡಿ, ಮಳಖೇಡದಲ್ಲಿ ಸಿಮೆಂಟು ಮಾಡುತ್ತೇವೆ. ಅದೇ ಬಂಡೆಯ ಸಂದಿಯಿಂದ ಬಂದ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗದೇ ಇರುತ್ತದೆಯೇ? ತೊಂದರೆ ಇರುವುದು ಈ ನಂಬಿಕೆಯ ಬೆನ್ನಿಗೆ ಬರುವ ತೀರ್ಮಾನಗಳಲ್ಲಿ. ನೀರಿನ ಸುಣ್ಣ ಕೆಟ್ಟದ್ದಾದರೆ ಹಾಲಿನ ಸುಣ್ಣವೂ ಕೆಟ್ಟದ್ದು ಎಂದು ಹಾಲು ಬಂದ್, ಮೊಸರು ಬಂದ್. ಯಾರೋ ಹೇಳಿದರು ಅಂತ ಟೊಮೆಟೊ ಬಂದ್. ಇನ್ಯಾರೋ ಹೇಳಿದರು ಅಂತ ಬದನೆಕಾಯಿ ಬಂದ್. ಬೋರಿನ ನೀರು ಬಿಟ್ಟು ಕ್ಯಾನ್ ನೀರು ತರಿಸುತ್ತಾರೆ. ಕ್ಯಾನು ದುಡ್ಡು ಕೊಟ್ಟು ತಂದದ್ದಾದ್ದರಿಂದ ಅಳತೆ ನೋಡಿ ಕುಡಿಯುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ, ಅದರ ಜೊತೆಯ ಕೋಲಾ ಮಾತ್ರ ಎಂದಿನಂತೆ ನಡೆದಿರುತ್ತವೆ. ಪಥ್ಯ ಕಟ್ಟುನಿಟ್ಟಾಗಿಯೇ ಮಾಡಿದವರಿಗೆ ಎರಡು ವರ್ಷಕ್ಕೆ ಇನ್ನೊಂದು ಹರಳು ಬಂದಾಗ ಬೈಸಿಕೊಳ್ಳುವುದು ಮತ್ತೆ ನೀರೇ.

ಎರಡು ಕಲ್ಲು, ಎರಡು ಜಾತಿ

ಪಾತ್ರೆಯ ತಳದಿಂದ ಕೆರೆದ ಬಿಳಿ ಚೂರಿನ ಮೇಲೆ ನಿಂಬೆರಸ ಹಿಂಡಿದರೆ ಸಣ್ಣಗೆ ಗುಳ್ಳೆ ಏಳುತ್ತವೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಫರಸಿಕಲ್ಲಿನ ಜಾತಿಯದೇ. ಮೂತ್ರದಲ್ಲಿ ಹೊರಬಿದ್ದ ಹರಳಿನ ಮೇಲೆ ಅದೇ ನಿಂಬೆ ಹಿಂಡಿ ನೋಡಿ, ಬಹುಪಾಲು ಹರಳುಗಳ ಮೇಲೆ ಏನೂ ಆಗುವುದಿಲ್ಲ. ಏಕೆಂದರೆ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್, ಅಂದರೆ ಕ್ಯಾಲ್ಸಿಯಂಗೆ ಸೊಪ್ಪು, ಬೀಜಗಳಲ್ಲಿರುವ ಆಕ್ಸಲೇಟ್ ಎಂಬ ವಸ್ತು ಸೇರಿ ಆದದ್ದು. ಎರಡರಲ್ಲೂ ಕ್ಯಾಲ್ಸಿಯಂ ಇದೆ ಎನ್ನುವುದೊಂದೇ ನಂಟು. ಪಾತ್ರೆಯಲ್ಲಿ ನೀರು ಕುದ್ದು ಆವಿಯಾಗಿ ಸುಣ್ಣ ಉಳಿಯುತ್ತದೆ. ಕಿಡ್ನಿಯಲ್ಲಿ ಆಗುವುದು ಬೇರೆ: ರಕ್ತದಿಂದ ಸೋಸಿ ಬಂದ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ ಗಟ್ಟಿಯಾದ, ಕಡಿಮೆ ಮೂತ್ರದಲ್ಲಿ ಒಂದಕ್ಕೊಂದು ಅಂಟಿಕೊಂಡು ಕಾಳುಕಟ್ಟುತ್ತವೆ.

ನೀರಿನ ಲೆಕ್ಕವನ್ನೂ ಮಾಡಿಬಿಡೋಣ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ, ಬೇರೆ ಮೂಲ ಇಲ್ಲದಿದ್ದರೆ ಒಂದು ಲೀಟರಿಗೆ 200 ಮಿ.ಗ್ರಾಂ. ಕ್ಯಾಲ್ಸಿಯಂವರೆಗೆ ನಡೆಯುತ್ತದೆ. ಆ ಗಡಿಯ ಗಡಸು ನೀರನ್ನೇ 3 ಲೀಟರ್ ಕುಡಿದರೂ ಸಿಗುವುದು 600 ಮಿ.ಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಮಿ.ಗ್ರಾಂ. ಅಂದರೆ ಆ ನೀರು ದಿನದ ಬೇಡಿಕೆಯ ಅರ್ಧಕ್ಕಿಂತ ತುಸು ಹೆಚ್ಚು ಪೂರೈಸಿತು, ಅಷ್ಟೇ. (ಫ್ಲೋರೈಡಿನ ವಿಷಯ ಬೇರೆ. ನೀರಿನಲ್ಲಿ ಅದು ಹೆಚ್ಚಿದ್ದರೆ ಶುದ್ಧೀಕರಣ ಘಟಕದ ನೀರೇ ಸರಿ; ಕಾರಣ ಹಲ್ಲು ಮತ್ತು ಎಲುಬು.)

ಇನ್ನು ಹಾಲು ಬಿಡಿಸುವ ಸಲಹೆ. ಅದು ಒಂದು ಕಾಲಕ್ಕೆ ವೈದ್ಯರೇ ಕೊಡುತ್ತಿದ್ದದ್ದು, ಆದ್ದರಿಂದ ಜನರನ್ನು ಬೈದು ಪ್ರಯೋಜನವಿಲ್ಲ. 1993ರಲ್ಲಿ ಅಮೆರಿಕದ 45 ಸಾವಿರಕ್ಕೂ ಹೆಚ್ಚು ಗಂಡಸರ ಊಟದ ಲೆಕ್ಕ ಹಿಡಿದು ನೋಡಿದಾಗ ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದವರಿಗೇ ಹರಳು ಕಡಿಮೆ ಕಂಡಿತು. 2002ರಲ್ಲಿ ಇಟಲಿಯ ವೈದ್ಯರು ಇದನ್ನು ಪಥ್ಯ ಹಾಕಿಯೇ ಪರೀಕ್ಷಿಸಿದರು. ಹರಳು ಮರುಕಳಿಸುತ್ತಿದ್ದ, ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತಿದ್ದ 120 ಗಂಡಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ 400 ಮಿ.ಗ್ರಾಂ. ಕ್ಯಾಲ್ಸಿಯಂ, ಅಂದರೆ ಹಾಲು ಮೊಸರು ಬಂದ್. ಉಳಿದರ್ಧಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ, ಆದರೆ ಉಪ್ಪು ಮತ್ತು ಮಾಂಸ ಕಡಿಮೆ. 5 ವರ್ಷದ ಕೊನೆಗೆ ಮೊದಲ ಗುಂಪಿನ 60ರಲ್ಲಿ 23 ಜನಕ್ಕೆ ಮತ್ತೆ ಹರಳು, ಎರಡನೆಯದರ 60ರಲ್ಲಿ 12 ಜನಕ್ಕೆ.

ಕಾರಣ ಇರುವುದು ಕರುಳಿನಲ್ಲಿ. ಸೊಪ್ಪು, ಬೀಜಗಳಲ್ಲಿರುವ ಆಕ್ಸಲೇಟಿಗೆ ಅದೇ ಊಟದಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಎರಡೂ ಕರುಳಿನಲ್ಲೇ ಗಂಟುಬಿದ್ದು ಮಲದಲ್ಲಿ ಹೋಗುತ್ತವೆ. ಕ್ಯಾಲ್ಸಿಯಂ ಸಿಗದಿದ್ದರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಹತ್ತಿ ಕಿಡ್ನಿಗೆ ಇಳಿಯುತ್ತದೆ, ಅಲ್ಲಿ ಗಂಟು ಬೀಳುತ್ತದೆ. ಗಂಟು ಎಲ್ಲಿ ಬೀಳಬೇಕು ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಎಳ್ಳಮಾವಾಸ್ಯೆಯ ಹೊಲದಲ್ಲಿ

ಬೀದರ್, ಕಲಬುರಗಿ ಕಡೆಯ ಎಳ್ಳಮಾವಾಸ್ಯೆಯ ಊಟವನ್ನು ಈ ಕಣ್ಣಿನಿಂದ ಒಮ್ಮೆ ನೋಡಬೇಕು. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಕಾಯಿಕಟ್ಟುತ್ತಿರುತ್ತದೆ. ಚರಗ (ಹೊಲಕ್ಕೆ ಕೊಡುವ ಎಡೆ) ಚೆಲ್ಲಿ ಬಂದು ಹೊಲದಲ್ಲೇ ಸಾಲಾಗಿ ಕೂತರೆ ಎದುರಿಗೆ ಭಜ್ಜಿ: ಪಾಲಕ, ಮೆಂತ್ಯ, ಪುಂಡಿ, ಉಳ್ಳಾಗಡ್ಡಿ ಎಲೆ, ಹಸಿ ಕಡಲೆ, ತೊಗರಿಯ ಹಸಿಕಾಳು, ಅವರೆ, ಗಜ್ಜರಿ, ಬದನೆಕಾಯಿ, ಶೇಂಗಾ, ಎಲ್ಲ ಸೇರಿಸಿ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ್ದು. ಹರಳಿನ ಭಯ ಹತ್ತಿಕೊಂಡವರು ಈ ತಟ್ಟೆ ನೋಡಿದರೆ ಎದ್ದೇ ಹೋಗಬೇಕು, ಆಕ್ಸಲೇಟಿನ ಸೊಪ್ಪು, ಬೀಜ, ‘ಬಂದ್’ ಪಟ್ಟಿಯ ಬದನೆಕಾಯಿ ಎಲ್ಲ ಒಂದೇ ಬಟ್ಟಲಿನಲ್ಲಿದೆ. ಆದರೆ ಪಕ್ಕದಲ್ಲಿ ಮಣ್ಣಿನ ಗಡಿಗೆ ಇದೆ. ಅದರಲ್ಲಿ ಅಂಬಲಿ. ಜೋಳದ ಹಿಟ್ಟು ಕುದಿಸಿ ಆರಿಸಿ, ಮಜ್ಜಿಗೆ ಬೆರೆಸಿ, ಬೆಳ್ಳುಳ್ಳಿ ಜೀರಿಗೆ ಜಜ್ಜಿ ಹಾಕಿ ರಾತ್ರಿಯಿಡೀ ಇಟ್ಟದ್ದು. ಭಜ್ಜಿಯ ಆಕ್ಸಲೇಟಿಗೆ ಅಂಬಲಿಯ ಕ್ಯಾಲ್ಸಿಯಂ ಜೋಡಿ. ಇದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ, ಆದರೂ ಲೆಕ್ಕ ಕೂಡುತ್ತದೆ.

ಅಂಕಿಯಲ್ಲಿ ಹೇಳುವುದಾದರೆ, 40 ಮಿ.ಗ್ರಾಂ. ಕ್ಯಾಲ್ಸಿಯಂ 88 ಮಿ.ಗ್ರಾಂ. ಆಕ್ಸಲೇಟನ್ನು ಕಟ್ಟಬಲ್ಲದು. ಒಂದು ಬಟ್ಟಲು, ಅಂದರೆ 150 ಗ್ರಾಂ ಗಟ್ಟಿ ಮೊಸರಿನಲ್ಲಿ ಸುಮಾರು 180 ಮಿ.ಗ್ರಾಂ. ಕ್ಯಾಲ್ಸಿಯಂ ಇರುತ್ತದೆ, ಕಾಗದದ ಮೇಲೆ ಸುಮಾರು 400 ಮಿ.ಗ್ರಾಂ. ಆಕ್ಸಲೇಟಿಗೆ ಅದು ಸಾಕು. ಹೊಟ್ಟೆಯಲ್ಲಿ ಅಷ್ಟು ಪೂರ್ತಿ ಕೂಡಿಬರುವುದಿಲ್ಲ ಎಂದುಕೊಂಡರೂ ಕೆಲಸ ದೊಡ್ಡದೇ. ತೀರಾ ನೀರು ಮಾಡಿದ ಮಜ್ಜಿಗೆಯಿಂದ ಇದನ್ನು ನಿರೀಕ್ಷಿಸಬೇಡಿ: ಒಂದು ಪಾಲು ಮೊಸರಿಗೆ ಎರಡು ಪಾಲು ನೀರು ಹಾಕಿದರೆ 200 ಮಿ.ಲೀ. ಲೋಟದಲ್ಲಿ 80 ಮಿ.ಗ್ರಾಂ. ಮಾತ್ರ. ಮತ್ತೆ ಮೊಸರು ಆ ಊಟದ ಜೊತೆಗೇ ಇರಬೇಕು. ಮಧ್ಯಾಹ್ನ ಪಾಲಕ ತಿಂದು ರಾತ್ರಿ ಮಲಗುವಾಗ ಹಾಲು ಕುಡಿದರೆ ಹಾಲಿನ ಉಳಿದ ಗುಣಗಳೆಲ್ಲ ಸಿಗುತ್ತವೆ, ಈ ಒಂದನ್ನು ಬಿಟ್ಟು. ಮೊಣಕಾಲು ನೋವಿಗೆಂದು ಕ್ಯಾಲ್ಸಿಯಂ ಗುಳಿಗೆ ನುಂಗುವವರಿಗೂ ಇದೇ ಮಾತು. ಬರಿಹೊಟ್ಟೆಯಲ್ಲಿ ನುಂಗಿದ ಗುಳಿಗೆಗೆ ಕಟ್ಟಿಹಾಕಲು ಆಕ್ಸಲೇಟ್ ಸಿಗದೆ ಅದು ಮೂತ್ರದ ಕ್ಯಾಲ್ಸಿಯಂ ಏರಿಸುತ್ತದೆ. ಊಟದ ಜೊತೆ ತೆಗೆದುಕೊಳ್ಳಬಹುದೇ ಎಂದು ಬರೆದುಕೊಟ್ಟವರನ್ನು ಕೇಳಿ.

ಸೊಪ್ಪುಗಳೆಲ್ಲ ಒಂದೇ ತಕ್ಕಡಿಯವಲ್ಲ. 100 ಗ್ರಾಂ ಹಸಿ ಪಾಲಕದಲ್ಲಿ ಆಕ್ಸಲೇಟ್ 600 ಮಿ.ಗ್ರಾಂ. ದಾಟುತ್ತದೆ. ರಾಜಗಿರಿಯದೂ ಹೆಚ್ಚೇ. ಮೆಂತ್ಯ ಪಲ್ಯದಲ್ಲಿ ಇವುಗಳಿಗಿಂತ ಬಹಳ ಕಡಿಮೆ. ಬಡಪಾಯಿ ಟೊಮೆಟೊದಲ್ಲಿ 100 ಗ್ರಾಮಿಗೆ 10 ಮಿ.ಗ್ರಾಂ. ಕೂಡ ಇಲ್ಲ, ಅದರ ಬೀಜ ಕಿಡ್ನಿಯಲ್ಲಿ ಹೋಗಿ ಕೂರುತ್ತದೆ ಎನ್ನುವುದು ಬೀಜದ ಆಕಾರ ನೋಡಿ ಹುಟ್ಟಿದ ಕಥೆ. ಪಾಲಕವನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಕುದಿಸಿ, ನೀರು ಬಸಿದು ಚೆಲ್ಲಿದರೆ ಕರಗುವ ಆಕ್ಸಲೇಟಿನ ದೊಡ್ಡ ಪಾಲು ಆ ಹಸಿರು ನೀರಿನಲ್ಲಿ ಹೋಗುತ್ತದೆ. ಆವಿಯಲ್ಲಿ ಬೇಯಿಸಿದರೆ ಇಷ್ಟು ಹೋಗುವುದಿಲ್ಲ. ಹುಳಿ ಮುರಿಯಲೆಂದು ಪುಂಡಿಯನ್ನು ಕುದಿಸಿ ಬಸಿಯುವ ರೂಢಿ ಹಲವು ಮನೆಗಳಲ್ಲಿ ಇದ್ದೇ ಇದೆ, ಪಾಲಕಕ್ಕೂ ಅದನ್ನೇ ಮಾಡಿದರಾಯಿತು. ಬಸಿದ ನೀರನ್ನು ‘ಸತ್ವ ಹೋಗ್ತದ’ ಎಂದು ಬ್ಯಾಳಿಗೆ ಸುರಿದರೆ ಮಾಡಿದ್ದೆಲ್ಲ ವ್ಯರ್ಥ.

ಆರೋಗ್ಯದ ಹೆಸರಿನಲ್ಲೇ ಹರಳು ತಂದುಕೊಳ್ಳುವ ದಾರಿಯೂ ಒಂದಿದೆ. ಬೆಳಿಗ್ಗೆ ಬರಿಹೊಟ್ಟೆಗೆ ಹಸಿ ಪಾಲಕದ ಜ್ಯೂಸ್, ಮೇಲೊಂದು ಹಿಡಿ ಬದಾಮಿ, 1000 ಮಿ.ಗ್ರಾಮಿನ ವಿಟಮಿನ್ ಸಿ ಗುಳಿಗೆ. ಜ್ಯೂಸಿನಲ್ಲಿ ಬೇಯಿಸಿ ಬಸಿದದ್ದಿಲ್ಲ, ಜೊತೆಗೆ ಮೊಸರಿಲ್ಲ. 28 ಗ್ರಾಂ, ಅಂದರೆ ಇಪ್ಪತ್ತೆರಡು ಬದಾಮಿಯಲ್ಲಿ 120 ಮಿ.ಗ್ರಾಂ. ಆಸುಪಾಸು ಆಕ್ಸಲೇಟ್. ಹೆಚ್ಚಾದ ವಿಟಮಿನ್ ಸಿಯ ಒಂದು ಪಾಲನ್ನು ದೇಹವೇ ಆಕ್ಸಲೇಟ್ ಮಾಡಿ ಹೊರಹಾಕುತ್ತದೆ. ಪೇರಲ, ನೆಲ್ಲಿಕಾಯಿ ತಿಂದರೆ ಈ ತೊಂದರೆ ಇಲ್ಲ, ಅಷ್ಟು ಪ್ರಮಾಣ ಹಣ್ಣಿನಿಂದ ದಿನಾ ಹೋಗುವುದೂ ಕಷ್ಟ. ಹೊಲದ ಭಜ್ಜಿಗೆ ಹೆದರಿ ಈ ಜ್ಯೂಸಿಗೆ ಬಂದವರಿಗೆ ಏನು ಹೇಳುವುದು!

ರೊಟ್ಟಿಯಲ್ಲಿಲ್ಲದ ಉಪ್ಪು

ಜೋಳದ ರೊಟ್ಟಿಯ ಬಗ್ಗೆ ನಾವು ಹಾಡಿ ಹೊಗಳುವುದು ಬಹಳ, ಆದರೆ ಅದರ ಒಂದು ಗುಣವನ್ನು ಯಾರೂ ಎತ್ತಿ ಹೇಳುವುದಿಲ್ಲ: ಹಿಟ್ಟು ನಾದುವಾಗ ಉಪ್ಪು ಹಾಕುವ ರೂಢಿ ಬಹುತೇಕ ಇಲ್ಲ. ಕುದಿನೀರು, ಹಿಟ್ಟು, ಮುಗಿಯಿತು. ಎರಡು ರೊಟ್ಟಿ ತಿಂದವರ ಲೆಕ್ಕಕ್ಕೆ ರೊಟ್ಟಿಯಿಂದ ಉಪ್ಪು ಸೊನ್ನೆ. ಹೀಗಾಗಿ ಉಪ್ಪೆಲ್ಲ ಬರುವುದು ಪಕ್ಕದವುಗಳಿಂದ: ಶೇಂಗಾ ಹಿಂಡಿ (ಚಟ್ನಿಪುಡಿ), ಅಗಸಿ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ. ರೊಟ್ಟಿ ಸಪ್ಪೆ ಎಂದೇ ಇವು ಉಪ್ಪಾಗಿವೆ.

ಉಪ್ಪಿಗೂ ಹರಳಿಗೂ ಏನು ಸಂಬಂಧ ಎನ್ನುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ, ಉಪ್ಪೆಂದರೆ ಬಿಪಿ ಅಂತಷ್ಟೇ ಗೊತ್ತು. ಕಿಡ್ನಿ ಸೋಡಿಯಂ ಹೊರಹಾಕುವಾಗ ಅದರ ಬೆನ್ನಿಗೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ಸುಮಾರು 6 ಗ್ರಾಂ ಹೆಚ್ಚುವರಿ ಉಪ್ಪಿಗೆ ದಿನಕ್ಕೆ ಸುಮಾರು 40 ಮಿ.ಗ್ರಾಂ. ಕ್ಯಾಲ್ಸಿಯಂ ಮೂತ್ರಕ್ಕೆ ಹೆಚ್ಚಾಗಿ ಇಳಿಯುತ್ತದೆ. ಹರಳಿನ ಕ್ಯಾಲ್ಸಿಯಂ ಎಲ್ಲಿಂದ ಬಂತು ಎಂದು ಕೊಡ, ಹಾಲಿನ ಪಾತ್ರೆ ತಡಕುವವರು ಹಿಂಡಿಯ ಡಬ್ಬಿ ತೆರೆಯಬೇಕಿತ್ತು.

ಮನೆಯ ಉಪ್ಪಿನ ಲೆಕ್ಕ ತಿಳಿಯಲು ಲ್ಯಾಬು ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಸಮ ಮಾಡಿದ ಒಂದು ಚಹಾ ಚಮಚೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಉಪ್ಪಿನ ಪಾಕೀಟು ಒಡೆದ ದಿನ ಅದರ ಮೇಲೇ ತಾರೀಖು ಬರೆದಿಡಿ. 1 ಕಿಲೋ ಪಾಕೀಟು ಒಂದೇ ತಿಂಗಳಿಗೆ ಮುಗಿದರೆ ತಲೆಗೆ 8 ಗ್ರಾಮಿನ ಮೇಲಾಯಿತು, ಅಂಗಡಿಯ ಭಜಿ, ಚೂಡಾ, ಹಪ್ಪಳ ಇನ್ನೂ ಲೆಕ್ಕಕ್ಕೆ ಸೇರಿಲ್ಲ. ಕಡಿಮೆ ಮಾಡುವಾಗ ಬ್ಯಾಳಿಯಿಂದ ಶುರು ಮಾಡಬೇಡಿ, ಮನೆಮಂದಿಯೆಲ್ಲ ಮುಖ ಮುರಿಯುತ್ತಾರೆ. ಹಿಂಡಿ ಕುಟ್ಟುವಾಗ ಉಪ್ಪನ್ನು ಮೂರರಲ್ಲಿ ಒಂದು ಪಾಲು ಇಳಿಸಿ ಬೆಳ್ಳುಳ್ಳಿ, ಜೀರಿಗೆ ಏರಿಸಿ. ಮಜ್ಜಿಗೆಗೆ ಉಪ್ಪೇ ಬೇಡ. ಬಿಸಿಲಿನಲ್ಲಿ ದಿನವಿಡೀ ಬೆವರು ಸುರಿಸಿ ಕಲ್ಲು ಗಣಿಯಲ್ಲಿ, ಹೊಲದಲ್ಲಿ ದುಡಿಯುವವರಿಗೆ ಇದನ್ನು ಇದ್ದಂತೆಯೇ ಅನ್ವಯಿಸಬಾರದು. ಅವರ ಉಪ್ಪು ಬೆವರಿನಲ್ಲೂ ಹೋಗುತ್ತದೆ. ಇದು ಹೆಚ್ಚಾಗಿ ನೆರಳಿನಲ್ಲಿ ಕೂತು ಹಪ್ಪಳ ಮುರಿಯುವವರ ಲೆಕ್ಕ.

ಮಧ್ಯಾಹ್ನದ ಬಾಟಲಿ

ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬಿಸಿಲು ಅಷ್ಟಿದೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಬದಲಾಗದೇ ಉಳಿಯುವುದು ಹೊಲಕ್ಕೆ, ಗಣಿಗೆ, ಆಟೋ ಸ್ಟ್ಯಾಂಡಿಗೆ ಒಯ್ಯುವ ನೀರಿನ ಬಾಟಲಿ. ಚಳಿಗಾಲದಲ್ಲೂ ಅದೇ ಒಂದು ಲೀಟರ್, 42 ಡಿಗ್ರಿಯಲ್ಲೂ ಅದೇ. ಬೆಳಿಗ್ಗೆ 7ಕ್ಕೆ ಹೋದವರು 2ಕ್ಕೆ ಬಂದು ಒಮ್ಮೆಲೆ ಎರಡು ತಂಬಿಗೆ ಕುಡಿಯುತ್ತಾರೆ. ಆ ಏಳು ತಾಸು ಮೂತ್ರ ಸಾಸಿವೆ ಎಣ್ಣೆಯ ಬಣ್ಣದಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಕಾಳುಕಟ್ಟುವುದು ಆ ಹೊತ್ತಿನಲ್ಲೇ. ಆಮೇಲೆ ಕುಡಿದದ್ದು ಕಟ್ಟಿದ ಕಾಳನ್ನು ಕರಗಿಸುವುದಿಲ್ಲ. ಹೆಂಗಸರ ಪಾಡು ಇನ್ನೂ ಕಷ್ಟ. ಹೊಲದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹೋಗಲು ಜಾಗವಿಲ್ಲ ಎಂದು ಬೇಕೆಂದೇ ಕುಡಿಯದೇ ಇರುತ್ತಾರೆ. ಅವರಿಗೆ ‘ನೀರು ಜಾಸ್ತಿ ಕುಡೀರಿ’ ಎಂದು ಚೀಟಿ ಬರೆದರೆ ಶೌಚಾಲಯ ಬರೆದುಕೊಡುವವರು ಯಾರು?

ಎಷ್ಟು ಕುಡಿದಿರಿ ಎನ್ನುವುದಕ್ಕಿಂತ ಎಷ್ಟು ಹೊರಗೆ ಬಂತು ಎನ್ನುವುದು ಮುಖ್ಯ. ಹರಳು ಬಂದವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಬೇಕೆಂಬುದು ವೈದ್ಯರ ಗುರಿ. ನೆರಳಿನಲ್ಲಿ ಕೂತವರಿಗೆ ಅದಕ್ಕೆ 3 ಲೀಟರ್ ಸಾಕಾದೀತು, ಮೇ ತಿಂಗಳ ಹೊಲದಲ್ಲಿ 5 ಸಾಲದೇ ಹೋದೀತು. ರಜೆಯ ದಿನ ಒಮ್ಮೆ ಅಳೆದು ನೋಡಿ: ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲನೆಯದನ್ನು ಬಿಟ್ಟು, ಅಲ್ಲಿಂದ ಮಾರನೇ ಬೆಳಗಿನ ಮೊದಲನೆಯದೂ ಸೇರಿ ಪ್ರತಿಸಲವೂ ಅಳತೆಯ ಹಳೇ ಜಗ್ಗಿನಲ್ಲಿ ಹಿಡಿದು ಬರೆದಿಡುವುದು. “ಬೇಕಾದಷ್ಟ್ ಕುಡೀತೀನ್ರಿ” ಎನ್ನುವವರ ಚೀಟಿಯಲ್ಲಿ 900 ಮಿ.ಲೀ. ಬಂದರೆ ಆಶ್ಚರ್ಯಪಡಬೇಡಿ. 1996ರಲ್ಲಿ ಪ್ರಕಟವಾದ ಇಟಲಿಯದೇ ಇನ್ನೊಂದು ಅಧ್ಯಯನದಲ್ಲಿ, ಮೊದಲ ಹರಳು ಬಂದವರಿಗೆ ಬರೀ ನೀರು ಹೆಚ್ಚಿಸಿ 5 ವರ್ಷ ಕಾದರು. ಹೆಚ್ಚಿಸಿದ 99 ಜನರಲ್ಲಿ 12, ಹೆಚ್ಚಿಸದ 100 ಜನರಲ್ಲಿ 27 ಮಂದಿಗೆ ಮರುಕಳಿಸಿತು. ಔಷಧವಿಲ್ಲದೆ ಸಿಕ್ಕ ಫಲ ಇದು. ಆ ನೀರು ಗಡಸೋ ಸಿಹಿಯೋ ಎಂಬ ಚರ್ಚೆಯಲ್ಲಿ ದಿನ ಕಳೆಯುವ ಬದಲು ತಾಸಿಗೊಂದು ಲೋಟ, ಮಲಗುವಾಗ ಒಂದು, ರಾತ್ರಿ ಎದ್ದಾಗ ಅರ್ಧ. ಕಿಡ್ನಿ ಸೋತು ಕ್ರಿಯಾಟಿನಿನ್ ಏರಿದವರು, ಹೃದಯ ದುರ್ಬಲವಾಗಿ ಕಾಲು ಬಾತವರು ಇದನ್ನು ಪಾಲಿಸಬಾರದು, ಅವರ ನೀರಿಗೂ ಊಟಕ್ಕೂ ಬೇರೆ ಅಳತೆ.

ನಿಂಬೆ, ದಿಂಡು, ಕಲೇಜಿ

ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಹಣ್ಣು ಮಾರುಕಟ್ಟೆಯಲ್ಲಿ ಇರುವಾಗ ಅದನ್ನು ಬಳಸದಿರುವುದು ದಡ್ಡತನ. ನಿಂಬೆಯ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂನ ಕೈ ಹಿಡಿದುಕೊಂಡು ಆಕ್ಸಲೇಟಿಗೆ ಸಿಗದಂತೆ ಮಾಡುತ್ತದೆ. ಅಧ್ಯಯನದಲ್ಲಿ ಬಳಸಿದ ಪ್ರಮಾಣ ದಿನಕ್ಕೆ 120 ಮಿ.ಲೀ. ರಸ. ನಮ್ಮ ಸಣ್ಣ ಹಣ್ಣಿನಲ್ಲಿ ಹೆಚ್ಚೆಂದರೆ 15 ಮಿ.ಲೀ. ಸಿಗುತ್ತದೆ, ಹಾಗಾಗಿ ದಿನಕ್ಕೆರಡು ಹಣ್ಣು ಹಿಂಡಿಕೊಂಡರೆ ಕಾಲು ಪಾಲಾಯಿತು. ಅಷ್ಟೂ ಒಳ್ಳೆಯದೇ, ಸಕ್ಕರೆ ಉಪ್ಪು ಸುರಿದು ಶರಬತ್ತು ಮಾಡದಿದ್ದರೆ. ಬಾಳೆದಿಂಡಿನ ರಸ, ಹುರುಳಿಕಟ್ಟು ಕುಡಿದು ಹರಳು ಬಿತ್ತು ಎನ್ನುವವರಿದ್ದಾರೆ. 5 ಮಿ.ಮೀ. ಒಳಗಿನ ಹರಳು ಬಹಳಷ್ಟು ಸಲ ತಾನಾಗಿಯೇ ಬೀಳುತ್ತದೆ, ಯಶಸ್ಸು ಮಾತ್ರ ಕೊನೆಗೆ ಕುಡಿದದ್ದರ ಪಾಲಿಗೆ. ಕುಡಿಯುವುದಕ್ಕೆ ಅಡ್ಡಿಯಿಲ್ಲ, ಅದನ್ನು ನಂಬಿ 12 ಮಿ.ಮೀ. ಹರಳನ್ನು ವರ್ಷಗಟ್ಟಲೆ ಇಟ್ಟುಕೊಂಡು ಕಿಡ್ನಿ ಊದಿಸಿಕೊಳ್ಳುವುದು ಅಪಾಯ. ನೋವಿನ ಹೊತ್ತಿನಲ್ಲಿ ಹರಳನ್ನು ದೂಡಲೆಂದು ಗಟಗಟ ನೀರು ಕುಡಿದರೆ ನೋವೇ ಹೆಚ್ಚು. ನೋವಿನ ಜೊತೆ ಚಳಿಜ್ವರ ಬಂದರೆ ಮನೆಮದ್ದು ಬಿಟ್ಟು ಅದೇ ತಾಸು ಆಸ್ಪತ್ರೆಗೆ.

ಮಾಂಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೊಮ್ಮೆ ತಹರಿ (ಮಾಂಸದನ್ನ) ತಿಂದವರಿಗೆ ಅದರಿಂದಲೇ ಹರಳು ಬರುವುದಿಲ್ಲ. ದಿನಾ ಎರಡು ಹೊತ್ತು ಮಟನ್, ಮೇಲೆ ಕಲೇಜಿ (ಯಕೃತ್ತು), ಗುರ್ದಾ (ಮೂತ್ರಪಿಂಡ) ಆದರೆ ಯೂರಿಕ್ ಆಸಿಡ್ ಏರಿ, ಮೂತ್ರ ಹುಳಿಯಾಗಿ, ಸಿಟ್ರೇಟ್ ಇಳಿದು ಮೂರೂ ಕಡೆಯಿಂದ ಹರಳಿಗೆ ಹಾದಿಯಾಗುತ್ತದೆ. ಅದೇ ಹೆದರಿಕೆಯಲ್ಲಿ ತೊಗರಿ ಬ್ಯಾಳಿಯನ್ನೂ ಬಿಡುವವರಿದ್ದಾರೆ, ತೊಗರಿಯ ನಾಡಿನಲ್ಲಿ! ಬೇಳೆಯ ಪ್ರೋಟೀನು ಮಾಂಸದ ಹಾಗೆ ಮೂತ್ರವನ್ನು ಹುಳಿ ಮಾಡುವುದಿಲ್ಲ. ಬಿಡಬೇಕಾದ್ದು ಕೋಲಾ. ಸುಮಾರು 1,94,000 ಜನರ ಲೆಕ್ಕ ನೋಡಿದ 2013ರ ಅಧ್ಯಯನದಲ್ಲಿ ದಿನಕ್ಕೊಂದು ಸಕ್ಕರೆ ಕೋಲಾ ಕುಡಿಯುವವರಿಗೆ, ವಾರಕ್ಕೊಂದೂ ಕುಡಿಯದವರಿಗಿಂತ 23% ಹೆಚ್ಚು ಹರಳಿನ ಅಪಾಯ ಕಂಡಿತ್ತು.

ಹಣ್ಣು, ಕಾಯಿಪಲ್ಯ, ಬೇಳೆಕಾಳು, ಇಡೀ ಧಾನ್ಯ, ಕಡಿಮೆ ಕೊಬ್ಬಿನ ಹಾಲು ಮೊಸರು, ಕಡಿಮೆ ಉಪ್ಪು ಸೇರಿದ ಊಟಕ್ಕೆ ಅಮೆರಿಕದವರು ಡ್ಯಾಶ್ ಎಂದು ಹೆಸರಿಟ್ಟಿದ್ದಾರೆ; ಬಿಪಿಗೆಂದು ರೂಪಿಸಿದ್ದು. 2009ರಲ್ಲಿ ನೋಡಿದಾಗ ಈ ಊಟಕ್ಕೆ ಅತಿ ಹತ್ತಿರವಿದ್ದವರಿಗೆ ಅತಿ ದೂರವಿದ್ದವರಿಗಿಂತ ಹರಳು ಶೇ. 40–45 ಕಡಿಮೆ. ಅವರ ತಟ್ಟೆಯಲ್ಲಿ ಆಕ್ಸಲೇಟ್ ಹೆಚ್ಚೇ ಇತ್ತು, ಆದರೂ. ರೊಟ್ಟಿ, ಬ್ಯಾಳಿ, ಬಸಿದ ಪಲ್ಯ, ಬದನೆಕಾಯಿ, ಹಸಿ ಉಳ್ಳಾಗಡ್ಡಿ, ಮೊಸರು. ಹಿಂಡಿಯ ಉಪ್ಪೊಂದನ್ನು ತಿದ್ದಿದರೆ ಈ ತಟ್ಟೆಗೂ ಅದಕ್ಕೂ ಬಹಳ ಅಂತರವಿಲ್ಲ.

ಕೊನೆಗೆ ಒಂದು ಚಿಕ್ಕ ಕೆಲಸ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಕ್ಯಾಲ್ಸಿಯಂ ಆಕ್ಸಲೇಟ್ ಹರಳಿಗೆ. ಯೂರಿಕ್ ಆಸಿಡ್ ಹರಳಾದರೆ ಅದನ್ನು ಔಷಧದಿಂದಲೇ ಕರಗಿಸಬಹುದು, ಸೋಂಕಿನಿಂದಾದದ್ದಕ್ಕೆ ಪಥ್ಯವೇ ಬೇರೆ. ಯಾವುದೆಂದು ತಿಳಿಯಲು ಹರಳೇ ಕೈಗೆ ಸಿಗಬೇಕು. ಹರಳು ಕೆಳಗಿಳಿಯುತ್ತಿದೆ ಎಂದು ಹೇಳಿದ ದಿನದಿಂದ ಚಹಾ ಸೋಸುವ ಹಳೇ ಜರಡಿಯೊಂದನ್ನು ಬಚ್ಚಲಲ್ಲಿ ತೂಗುಹಾಕಿ, ಪ್ರತಿಸಲವೂ ಅದರಲ್ಲಿ ಸೋಸಿ. ಸಿಕ್ಕದ್ದು ಎಳ್ಳಿನಷ್ಟಿರಲಿ, ಜೋಳದಷ್ಟಿರಲಿ, ತೊಳೆದು ಒಣಗಿಸಿ, ಗುಳಿಗೆಯ ಖಾಲಿ ಡಬ್ಬಿಯಲ್ಲಿ ಹಾಕಿ ಮುಚ್ಚಿ ಲ್ಯಾಬಿಗೆ ಕೊಡಿ. ಕೊಡದ ತಳದ ಸುಣ್ಣವನ್ನು ತಿಂಗಳಿಗೊಮ್ಮೆ ಕೆರೆದು ಬಂದವರಿಗೆಲ್ಲ ತೋರಿಸುವ ಮನೆಗಳಲ್ಲೇ, ನೋಡಬೇಕಾಗಿದ್ದ ಆ ಒಂದು ಕಾಳು ಮೋರಿಯಲ್ಲಿ ಹರಿದುಹೋಗಿರುತ್ತದೆ.